ಕ್ಯಾಂಪ್‌ಬೆಲ್ಲೇಶ್ವರನ ಸ್ಥಳಪುರಾಣ

ನಮ್ಮ ಹಿತ್ತಲಲ್ಲಿ ದೇವರು ಸಿಕ್ಕಿದಾಗ ನಾನು ಒಳಕೋಣೆಯ ಬಾಗಿಲು ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದೆ. ಸಾಂಟಾ ಕ್ಲಾರಾದ ನಮ್ಮ ಚಿಪ್ ಕಂಪನಿ ಈ ಸಲ ಯಾರನ್ನು ಮನೆಗೆ ಕಳಿಸುತ್ತದೋ ಎಂದು ಎಲ್ಲರೂ ಜೀವ ಕೈಯಲ್ಲಿ ಹಿಡಿದು ಕೂತಿದ್ದ ಮೀಟಿಂಗು. ಕಿಟಕಿಯಾಚೆ ನನ್ನ ಅತ್ತೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಗನ ಹಳೆಯ ಶೂ ಹಾಕಿಕೊಂಡು, ಕರಿಬೇವಿನ ಗಿಡ ನೆಡಲು ಗುಂಡಿ ತೋಡುತ್ತಿದ್ದರು. ಇದ್ದಕ್ಕಿದ್ದಂತೆ ಗುದ್ದಲಿ ಬಿಸಾಕಿ ಕೈಮುಗಿದು ನಿಂತರು. ಹಾವೇನಾದರೂ ಬಂತೋ ಎಂದು ಹೆದರಿ ಕ್ಯಾಮೆರಾ ಆಫ್ ಮಾಡಿ ಓಡಿದೆ. ಅಷ್ಟರಲ್ಲಿ ಅವರು ಗುಂಡಿಯೊಳಗಿಂದ ಮಣ್ಣು ಮೆತ್ತಿದ ಒಂದು ಕರಿಯ ಗುಂಡನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಮೋಸಂಬಿಗಿಂತ ದೊಡ್ಡದು, ಸುಲಿದ ತೆಂಗಿನಕಾಯಿಯಷ್ಟು ಇತ್ತು.

"ಈಸ್ವರ ಕಣವ್ವ," ಅಂದರು. "ಎದ್ದು ಬಂದವ್ನೆ."

"ಹಳೇ ಪೈಪಿನ ತುಂಡಿರಬೇಕು ಅತ್ತೆ, ಬಿಸಾಕಿ ಕೈ ತೊಳ್ಕೊಳ್ಳಿ," ಅಂದೆ. ಅವರು ನನ್ನ ಮುಖ ನೋಡಿದರು, ಗುಂಡಿನ ಮುಖ ನೋಡಿದರು, ಯಾರನ್ನು ನಂಬಬೇಕೆಂದು ಅಲ್ಲೇ ತೀರ್ಮಾನ ಮಾಡಿದರು.

ಅವರ ವಿಷಯ ಸ್ವಲ್ಪ ಹೇಳಬೇಕು. ಮಂಡ್ಯ ಕಡೆಯ ಹಳ್ಳಿಯವರು. ಮಾವ ತೀರಿಕೊಂಡ ಮೇಲೆ ನನ್ನ ಗಂಡ, ಅಂದರೆ ಅವರ ಒಬ್ಬನೇ ಮಗ, ಹೋಗಿ ಅಮೆರಿಕಕ್ಕೆ ಕರೆದುಕೊಂಡು ಬಂದ. ನಮ್ಮ ಮನೆ ಇರುವುದು ಕ್ಯಾಂಪ್‌ಬೆಲ್‌ನಲ್ಲಿ. ಮಕ್ಕಳನ್ನು ಕ್ಯುಪರ್ಟಿನೋದ ಸ್ಕೂಲಿಗೆ ಸೇರಿಸಲು ನಮ್ಮ ಜನ ಕಿಡ್ನಿ ಅಡ ಇಡಲೂ ಹಿಂದೆಮುಂದೆ ನೋಡುವುದಿಲ್ಲ. ನಮಗೆ ಮಕ್ಕಳಿಲ್ಲ, ಆದ್ದರಿಂದ ಕಿಡ್ನಿ ಉಳಿಸಿಕೊಂಡು ಇಲ್ಲೇ ಒಂದು ಹಳೆಯ ಮರದ ಮನೆ ಕೊಂಡೆವು. ಹಿಂದೆ ಇದೆಲ್ಲ ಹಣ್ಣಿನ ತೋಟವಂತೆ. ಊರಿನಲ್ಲಿ ಜಗಲಿಯ ಮೇಲೆ ಕೂತು, ಹೋಗುವವರನ್ನೆಲ್ಲ ಕರೆದು, ಬರುವವರನ್ನೆಲ್ಲ ವಿಚಾರಿಸಿ ಅಭ್ಯಾಸವಾದ ಹೆಂಗಸು ಈ ಬೀದಿಯಲ್ಲಿ ಏನು ಮಾಡಬೇಕು? ಇಲ್ಲಿ ನಡೆದು ಹೋಗುವುದು ನಾಯಿಗಳು ಮಾತ್ರ. ಅವುಗಳ ಹಿಂದೆ ಇರುವವರು ಕಿವಿಯಲ್ಲಿ ಏನೋ ತುರುಕಿಕೊಂಡಿರುತ್ತಾರೆ. ನಾನೂ ನನ್ನ ಗಂಡನೂ ಸಂಜೆ ಬಂದು ಲ್ಯಾಪ್‌ಟಾಪಿನೊಳಗೆ ಮತ್ತೆ ಹೋಗುತ್ತಿದ್ದೆವು. ಅತ್ತೆ ಟೀವಿಯ ಮುಂದೆ ಕೂತು, ಧಾರಾವಾಹಿ ಮುಗಿದ ಮೇಲೂ ಅದೇ ಪರದೆಯನ್ನು ನೋಡುತ್ತಿದ್ದರು.

ಗುಂಡು ಸಿಕ್ಕಿದ ಮೇಲೆ ಟೀವಿ ಬಂದ್ ಆಯಿತು. ಹುಣಸೆಹಣ್ಣು ಹಾಕಿ ತಿಕ್ಕಿದರು, ಹರಳೆಣ್ಣೆ ಸವರಿದರು. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಪೀಠ ಮಾಡಿದರು, ವಿಭೂತಿ ಪಟ್ಟೆ ಎಳೆದರು. ಸೋಮವಾರ ಸೋಮವಾರ ಹಾಲಿನ ಅಭಿಷೇಕ ಶುರುವಾಯಿತು. ದೇವರು ತಿಳಿಗೆಂಪು ತೀರ್ಥ ಕೊಡಲಾರಂಭಿಸಿದ. ಕಬ್ಬಿಣದ ತುಕ್ಕು ಹಾಲಿನಲ್ಲಿ ಇಳಿಯುತ್ತಿತ್ತು, ಅಷ್ಟೆ. ನಾನು ಬಾಯಿಬಿಟ್ಟು ಹೇಳಿದೆ. ನನ್ನ ಗಂಡ ಅಂಗೈ ನೆಕ್ಕಿಕೊಂಡು, "ಇರ್ಲಿ ಬಿಡೇ, ಐರನ್ ಒಳ್ಳೇದು," ಅಂದ. ಅಮ್ಮನ ಮುಖದಲ್ಲಿ ಕಳೆ ಬಂದಿದ್ದರೆ ಅವನು ಮೊಳೆ ಬೇಕಾದರೂ ನುಂಗುತ್ತಿದ್ದ.

ಮೊದಲು ಅಕ್ಕಪಕ್ಕದ ಬೀದಿಯ ಕನ್ನಡದವರು ಬಂದರು. ಆಮೇಲೆ ಅವರಿಗೆ ಗೊತ್ತಿದ್ದವರು. ವಾಟ್ಸಾಪಿಗೆ ಸುದ್ದಿ ಬಿದ್ದ ಮೇಲೆ ಕೇಳಬೇಕೆ, ಸೋಮವಾರ ಸಂಜೆ ನಮ್ಮ ಬೀದಿಯ ತುಂಬ ಎಲೆಕ್ಟ್ರಿಕ್ ಕಾರುಗಳು. ಇಡೀ ದಿನ ಕೃತಕ ಬುದ್ಧಿಗೆ ಬುದ್ಧಿ ಹೇಳಿಕೊಡುವ ಮಹನೀಯರು ಸಂಜೆ ಪಂಚೆ ಉಟ್ಟು ಬಂದು ತುಕ್ಕಿನ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿದರು. ಒಬ್ಬನಿಗೆ ಗ್ರೀನ್ ಕಾರ್ಡು ಬಂತು, ಸ್ವಾಮಿಯ ಮಹಿಮೆ. ಇನ್ನೊಬ್ಬನಿಗೆ ಕೆಲಸ ಹೋಯಿತು; ಅದೂ ಮಹಿಮೆಯೇ, ಆ ಮ್ಯಾನೇಜರನ ಕಾಟ ತಪ್ಪಿತಲ್ಲ. ಯಾರೋ ಕ್ಯಾಂಪ್‌ಬೆಲ್ಲೇಶ್ವರ ಎಂದು ಹೆಸರಿಟ್ಟರು. ಅತ್ತೆ ಎಲ್ಲರಿಗೂ ತೀರ್ಥ ಕೊಟ್ಟು, "ಯಾವೂರಪ್ಪ? ಯಾರ ಮಗ?" ಎಂದು ವಿಚಾರಿಸಿ, ಹಾಸನದವರಿಗೆ ಒಂದು, ಬೆಂಗಳೂರಿನವರಿಗೆ ಒಂದು ಬುದ್ಧಿಮಾತು ಹೇಳಿ ಕಳಿಸುತ್ತಿದ್ದರು. ಮೂರು ಸೋಮವಾರದಲ್ಲಿ ಅವರಿಗೆ ನನಗಿಂತ ಹೆಚ್ಚು ಸ್ನೇಹಿತರಾದರು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ನಮ್ಮ ಜನ ಎಲ್ಲಿ ನಾಲ್ಕು ಮಂದಿ ಸೇರಿದರೂ ಅಲ್ಲೊಂದು ಕಮಿಟಿ ಹುಟ್ಟಬೇಕು. ಹುಟ್ಟಿತು. ಅಧ್ಯಕ್ಷರೂ ಸಿಕ್ಕಿದರು. ಬೆಂಗಳೂರಿನವರು, ಕ್ಯುಪರ್ಟಿನೋದಲ್ಲಿ ಮನೆ, ಆಫೀಸಿನಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟು. ಫೋನಿನಲ್ಲಿ ರುದ್ರ ನೋಡಿಕೊಂಡು ಹೇಳುತ್ತಿದ್ದರು. ನಡುವೆ ಕಾಲ್ ಬಂದರೆ ದೇವರನ್ನು ಹೋಲ್ಡಿನಲ್ಲಿಟ್ಟು ಮಾತಾಡಿ ಬರುತ್ತಿದ್ದರು. ಅವರು ಬೆಂಗಳೂರಿನಿಂದ ಒಂದು ಬೆಳ್ಳಿ ಮುಖವಾಡ ತರಿಸಿದರು. ಮೂರು ಕಣ್ಣು, ಹುರಿ ಮೀಸೆ. ಅದನ್ನು ಮುಚ್ಚಿದ ಮೇಲೆ ಗುಂಡಿಗೆ ನಮ್ಮ ಅಧ್ಯಕ್ಷರ ಮುಖವೇ ಬಂದಂತಾಯಿತು.

ಮುಖವಾಡ ಬಂದ ಹಿಂದೆಯೇ ತೀರ್ಮಾನವೂ ಬಂತು. ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಯಲ್ಲಿ, ನಮ್ಮವರ ದಿನಸಿ ಅಂಗಡಿಯ ಹಿಂದೆ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದಾರಂತೆ. ಶಿವರಾತ್ರಿಗೆ ಸ್ವಾಮಿಯನ್ನು ಅಲ್ಲಿಗೆ ಕರೆದೊಯ್ದು ಪ್ರತಿಷ್ಠಾಪನೆ ಮಾಡುತ್ತಾರಂತೆ.

"ಪಾರ್ಕಿಂಗ್ ಪ್ರಾಬ್ಲಮ್ಮು ಸಾಲ್ವ್ ಆಗತ್ತೆ ನೋಡಿ ಅಮ್ಮಾ," ಎಂದು ಅಧ್ಯಕ್ಷರು ಅತ್ತೆಗೆ ವಿವರಿಸಿದರು. "ನಿಮಗೂ ರೆಸ್ಟು."

ಅತ್ತೆ ತಲೆಯಾಡಿಸಿದರು. ಅಧ್ಯಕ್ಷರು ಹೋದ ಮೇಲೆ ನನ್ನ ಹತ್ತಿರ ಬಂದು ಕೇಳಿದರು: "ಸಾಮೀನ ಕರ್ಕಂಡೋದ್ರೆ ನಾನು ಯಾರ ಮುಖ ನೋಡ್ಕಂಡು ಇರ್ಲವ್ವ?" ಈ ದೇಶದಲ್ಲಿ ಅವರದು ಎಂದು ಇದ್ದದ್ದು ಅದೊಂದೇ ಗುಂಡು.

ದೊರೆಸಾನಿ ಬಂದದ್ದು ಆಗ. ಪಕ್ಕದ ಬೀದಿಯ ಅಮೆರಿಕನ್ ಅಜ್ಜಿಗೆ ಅತ್ತೆ ಇಟ್ಟ ಹೆಸರು ಅದು. ತೊಂಬತ್ತರ ಹತ್ತಿರ ವಯಸ್ಸು, ನಾಲ್ಕು ಗಾಲಿಯ ವಾಕರು, ಅದರ ಮುಂದೊಂದು ಬುಟ್ಟಿ. ಒಂದು ಸೋಮವಾರ ಗದ್ದಲ ಕೇಳಿ ನಮ್ಮ ಬೇಲಿಯ ಪಕ್ಕ ಬಂದು ನಿಂತರು. ಕಾರುಗಳ ಬಗ್ಗೆ ದೂರು ಹೇಳಲು ಬಂದಿರಬೇಕೆಂದು ನಾನು ಮುಖದ ಮೇಲೆ ಒಂದು ಅಮೆರಿಕನ್ ನಗು ಹಚ್ಚಿಕೊಂಡು ಹೋದೆ. ಅವರು ನನ್ನನ್ನು ನೋಡಲೇ ಇಲ್ಲ. ಅಧ್ಯಕ್ಷರು ಆಗ ಮುಖವಾಡ ತೆಗೆದು ಗುಂಡಿನ ಮೇಲೆ ಮೊಸರು ಸುರಿಯುತ್ತಿದ್ದರು.

"ಅದು ನಮ್ಮಪ್ಪನ ಗುಂಡು," ಅಂದರು ಅಜ್ಜಿ.

ಒಳಗೆ ಕರೆದು ಕುರ್ಚಿ ಹಾಕಿದೆ. ಅಂದು ಮಾತ್ರವಲ್ಲ, ಆಮೇಲೆ ಸುಮಾರು ಸಂಜೆ ನಾನೇ ಅವರ ಮನೆಗೆ ಹೋಗಿ ಕೂತು ಕೇಳಿದೆ. ಅತ್ತೆಯ ಈಶ್ವರನನ್ನು ಒಂದೇ ಏಟಿಗೆ ಮುಗಿಸುವ ಸಾಮಗ್ರಿ ಕೈಗೆ ಸಿಕ್ಕಿತಲ್ಲ ಎಂಬ ಖುಷಿಯಿಂದಲೇ ಹೋದೆ. ಕೇಳುತ್ತಾ ಕೇಳುತ್ತಾ ಅದು ಮರೆತುಹೋಯಿತು.

ಅವರಪ್ಪ ಈಗ ನಮ್ಮದಾಗಿರುವ ಮನೆಯಲ್ಲೇ ಇದ್ದವನು. ಹಣ್ಣಿನ ತೋಟದ ಕೂಲಿಯವನ ಮಗ. ಚಿಕ್ಕಂದಿನಿಂದ ಏಪ್ರಿಕಾಟಿನ ಪೆಟ್ಟಿಗೆ ಹೊತ್ತು ಹೊತ್ತು ಹೆಗಲು ಬಾಗಿಲಿನಷ್ಟು ಅಗಲವಾಗಿತ್ತಂತೆ. ಯಾವುದೋ ಜಾತ್ರೆಯ ದಿನ ಯಾರೋ ಪಂದ್ಯ ಕಟ್ಟಿ ಕೈಗೆ ಕಬ್ಬಿಣದ ಗುಂಡು ಕೊಟ್ಟರು, ಎಸೆದ, ಜನ ಹೌಹಾರಿದರು. ಅಲ್ಲಿಂದ ಗುಂಡು ಎಸೆಯುವುದೇ ಅವನ ಹುಚ್ಚಾಯಿತು. ಮೊದಲನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಒಲಿಂಪಿಕ್ಸಿಗೆ ಆರಿಸಿದರು. ಊರಿನವರು ರೈಲ್ವೆ ಸ್ಟೇಷನ್ನಿನಲ್ಲಿ ಬ್ಯಾಂಡು ಬಾರಿಸಿ ಕಳಿಸಿದರು. ಹಣ್ಣು ಡಬ್ಬಿ ತುಂಬುವ ಕಾರ್ಖಾನೆಯ ಯಜಮಾನ ಭಾಷಣ ಮಾಡಿದ. ಈ ಊರಿನಲ್ಲೂ ಆಗ ಒಂದು ಕಮಿಟಿ ಇತ್ತು ಎಂದು ಕೇಳಿ ನನಗೆ ಸಮಾಧಾನವಾಯಿತು. ಆ ರೋಗ ನಮ್ಮವರಿಗೆ ಮಾತ್ರ ಬಂದದ್ದಲ್ಲ.

ದೇಶದ ಈ ತುದಿಯಿಂದ ಆ ತುದಿಗೆ ರೈಲು, ಅಲ್ಲಿಂದ ಹಡಗು. ಸೈನಿಕರನ್ನು ಸಾಗಿಸಿ ಸಾಗಿಸಿ ಸೋತುಹೋದ ಹಡಗು, ಊಟಕ್ಕಿಂತ ಇಲಿ ಹೆಚ್ಚು. ಓಟಗಾರರು ಡೆಕ್ಕಿನ ಮೇಲೆ ಸುತ್ತು ಹೊಡೆದು ಅಭ್ಯಾಸ ಮಾಡಿದರು. ಇವನು ಒಂದೇ ಒಂದು ಸಲ ಗುಂಡು ಎಸೆದ, ಹಲಗೆ ಒಡೆಯಿತು, ಕ್ಯಾಪ್ಟನ್ ಗುಂಡನ್ನು ಕಿತ್ತುಕೊಂಡು ಬೀಗ ಹಾಕಿದ. ಹೀಗಾಗಿ ಸಮುದ್ರ ಮುಗಿಯುವವರೆಗೆ ಇವನು ಬರಿಗೈಯಲ್ಲಿ, ಇಲ್ಲದ ಗುಂಡನ್ನು ಕತ್ತಿನ ಹತ್ತಿರ ಇಟ್ಟುಕೊಂಡು, ಓಲಾಡುವ ಡೆಕ್ಕಿನ ಮೇಲೆ ಅಭ್ಯಾಸ ಮಾಡಿದ. ಮೈದಾನಕ್ಕೆ ಬಂದು ನಿಂತಾಗ ನೆಲ ಓಲಾಡಲಿಲ್ಲ, ಇವನ ಕಾಲುಗಳು ಓಲಾಡಿದವು. ಮೂರು ಅವಕಾಶ. ಗುಂಡು ಪ್ರತಿ ಸಲವೂ ದೂರ ಹೋಯಿತು, ಬಹಳ ದೂರ ಹೋಯಿತು. ಅದರ ಹಿಂದೆಯೇ ಇವನೂ ವೃತ್ತದ ಗೆರೆ ದಾಟಿ ಆಚೆ ಹೋದ. ಮೂರೂ ಫೌಲು. ಒಂದನ್ನೂ ಅಳೆಯಲಿಲ್ಲ.

ವಾಪಸು ಬರುವಾಗ ಊರ ಸ್ಟೇಷನ್ನಿನಲ್ಲಿ ಬ್ಯಾಂಡು ಕಾದಿತ್ತು. ಸುದ್ದಿ ಇನ್ನೂ ಬಂದಿರಲಿಲ್ಲ, ಅಥವಾ ಬಂದಿದ್ದರೂ ಬ್ಯಾಂಡಿನವರಿಗೆ ಯಾರೂ ಹೇಳಿರಲಿಲ್ಲ. ಇವನು ಹಿಂದಿನ ಊರಿನಲ್ಲೇ ಇಳಿದು ತೋಟಗಳ ನಡುವೆ ನಡೆದು ಹಿತ್ತಲ ಬಾಗಿಲಿನಿಂದ ಮನೆ ಸೇರಿದ. ಮಾರನೆಯ ದಿನ ಕಾರ್ಖಾನೆಗೆ ಹೋದರೆ ಯಾರೋ ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ದಾಟಬೇಡಪ್ಪಾ, ದಾಟಬೇಡ ಎಂದು ಎಲ್ಲರೂ ನಕ್ಕರು. ಆ ಗೆರೆ ಅಳಿಸಿದರೂ ಆ ಮಾತು ಅಳಿಯಲಿಲ್ಲ. ನಿವೃತ್ತನಾಗುವವರೆಗೆ ಅಲ್ಲೇ ಪೆಟ್ಟಿಗೆ ಎತ್ತಿದ. ಈ ಅಜ್ಜಿ ಅವನಿಗೆ ವಯಸ್ಸಾದ ಮೇಲೆ ಹುಟ್ಟಿದವರು. ಅವರು ಸ್ಕೂಲಿಗೆ ಹೋದಾಗಲೂ ಮಕ್ಕಳು ಅವರ ಮುಂದೆ ಸೀಮೆಸುಣ್ಣದ ಗೆರೆ ಎಳೆದು ಕುಣಿಯುತ್ತಿದ್ದರಂತೆ. ಆಗಿನ ಮಕ್ಕಳಲ್ಲಿ ಒಬ್ಬನಾದರೂ ಬದುಕಿದ್ದರೆ ಹೋಗಿ ಕಪಾಳಕ್ಕೆ ಎರಡು ಬಿಗಿದು ಬರೋಣ ಅನ್ನಿಸಿತು ನನಗೆ.

"ಆದ್ರೆ ಸಂಜೆ ಎಸೀತಿದ್ದ," ಎಂದು ಅಜ್ಜಿ ಹೇಳಿದರು. ಕಾರ್ಖಾನೆಯಿಂದ ಬಂದು, ಅಂಗಿ ಬಿಚ್ಚಿ, ಹಿತ್ತಲಿಗೆ ಹೋಗಿ ಗುಂಡು ಎಸೆಯುತ್ತಿದ್ದ. ವೃತ್ತ ಇಲ್ಲ, ಗೆರೆ ಇಲ್ಲ, ನಿಂತಲ್ಲಿಂದ. ಗುಂಡು ಕೆಲವು ಸಲ ಸಿಗುತ್ತಲೇ ಇರಲಿಲ್ಲವಂತೆ, ಏಕೆಂದರೆ ಹೆಂಡತಿ ಅದನ್ನು ಒಯ್ದು ಜಾಡಿಯಲ್ಲಿ ಉಪ್ಪು ಹಾಕಿದ ಎಲೆಕೋಸಿನ ಮೇಲೆ ಭಾರಕ್ಕೆ ಇಟ್ಟಿರುತ್ತಿದ್ದಳು. ಒಲಿಂಪಿಕ್ಸಿಗೆ ಹೋಗಿ ಬಂದ ಗುಂಡು ಕೊನೆಗೆ ಉಪ್ಪಿನಕಾಯಿಗೆ ಉಪಯೋಗಕ್ಕೆ ಬಂತು ಎಂದು ಆಕೆ ಹಂಗಿಸುತ್ತಿದ್ದಳಂತೆ. ಅವನು ಮಾತಾಡದೆ ತೆಗೆದು ಒರೆಸಿಕೊಂಡು ಹೊರಗೆ ಹೋಗುತ್ತಿದ್ದ. ಹುಳಿ ವಾಸನೆಯ ಆ ಗುಂಡನ್ನು ಅವನು ಎಸೆಯುವುದು, ಈ ಹುಡುಗಿ ಓಡಿಹೋಗಿ ಉರುಳಿಸಿಕೊಂಡು ತಂದುಕೊಡುವುದು. ಅಪ್ಪ ಮಗಳ ನಡುವೆ ಮಾತು ಕಡಿಮೆ, ಇದೇ ಹೆಚ್ಚು.

ಮಗಳು ಬೇರೆ ಊರಿಗೆ ಕೆಲಸಕ್ಕೆ ಹೋದ ಮೇಲೂ ಅವನು ಒಬ್ಬನೇ ಎಸೆದ, ನಡೆದುಹೋಗಿ ತಂದ, ಮತ್ತೆ ಎಸೆದ. ಒಂದು ಮಳೆಗಾಲದ ಸಂಜೆ ಗುಂಡು ಕೆಸರಿನಲ್ಲಿ ಹೂತುಹೋಯಿತು. ಇರಲಿ ಬಿಡು, ಮಳೆ ನಿಂತ ಮೇಲೆ ತೆಗೆಯೋಣ ಅಂದನಂತೆ. ಮಳೆ ನಿಲ್ಲುವ ಮೊದಲೇ ಸತ್ತ. ಮಗಳು ಬರುವಷ್ಟರಲ್ಲಿ ಹೂಳಿದ್ದೂ ಆಗಿತ್ತು. ಆಮೇಲೆ ಮನೆ ಮಾರಿದರು. ಈಕೆ ಮತ್ತೆ ಈ ಊರಿಗೆ ಬಂದು ನೆಲೆಸಿ, ಮನೆ ಕೊಂಡವರ ಬಾಗಿಲು ತಟ್ಟಿ, ಹಿತ್ತಲು ಅಗೆಯಲು ಬಿಡುತ್ತೀರಾ ಎಂದು ಕೇಳಿದರೆ ಯಾರು ತಾನೇ ಬಿಡುತ್ತಾರೆ? ಒಬ್ಬ ನಾಯಿ ಬಿಟ್ಟನಂತೆ. ಕೊನೆಗೆ ಕೇಳುವುದನ್ನೇ ನಿಲ್ಲಿಸಿದರು.

"ಗುಂಡು ನಿಮ್ಮದು, ತೊಗೊಂಡು ಹೋಗಿ," ಅಂದೆ ನಾನು.

ಅಜ್ಜಿ ತಲೆಯಲ್ಲಾಡಿಸಿದರು. "ನಮ್ಮಪ್ಪನಿಗೆ ಯಾರೂ ಯಾವತ್ತೂ ಇಷ್ಟು ಹೂವು ಹಾಕಿರಲಿಲ್ಲ. ಸೋಮವಾರ ಬಂದು ಕೂತಿರ್ತೀನಿ, ಅಷ್ಟು ಸಾಕು."

ಸೋಮವಾರಕ್ಕೆ ಬರಲಾರಂಭಿಸಿದರು. ಅತ್ತೆ ಅವರ ಕುರ್ಚಿಯನ್ನು ಪೀಠದ ಪಕ್ಕದಲ್ಲೇ ಹಾಕಿಸಿದರು. ಒಂದು ದಿನ ಅಜ್ಜಿ ಎರಡೂ ಕೈಯಲ್ಲಿ ಗುಂಡನ್ನು ಎತ್ತಿ, ಕತ್ತನ್ನು ವಾಲಿಸಿ, ದವಡೆಯ ಕೆಳಗೆ ಒತ್ತಿ ಹಿಡಿದು ಅಪ್ಪ ಹೇಗೆ ನಿಲ್ಲುತ್ತಿದ್ದ ಎಂದು ತೋರಿಸಿದರು. ಭಕ್ತರು ಇದು ಯಾವುದೋ ಹೊಸ ಸೇವೆ ಎಂದು ಕೈಮುಗಿದರು. ಅತ್ತೆ ಮಾತ್ರ ನನ್ನ ಕಡೆ ತಿರುಗಿ, "ಏನಂತಾರೆ ಇವ್ರು?" ಎಂದು ಕೇಳಿದರು. ನನ್ನ ಗಂಡ ಹಿಂದಿನಿಂದ ನನ್ನ ತೋಳು ಚಿವುಟಿದ. ಆದರೂ ನಾನು ಹೇಳಿದೆ. ಹಡಗಿನಿಂದ ಹಿಡಿದು ಎಲೆಕೋಸಿನವರೆಗೆ ಒಂದನ್ನೂ ಬಿಡದೆ ಹೇಳಿದೆ. ಅತ್ತೆ ಅಳುತ್ತಾರೆ, ಜಗಳ ಮಾಡುತ್ತಾರೆ, ಉಪವಾಸ ಕೂರುತ್ತಾರೆ ಎಂದೆಲ್ಲ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅವ್ರಪ್ಪ ಸತ್ತಾಗ ಈಯಮ್ಮ ಹತ್ರ ಇರ್ಲಿಲ್ವಾ?"

"ಇರಲಿಲ್ಲ ಅತ್ತೆ."

"ಹೂಂ," ಅಂದು ಎದ್ದುಹೋಗಿ ದೊರೆಸಾನಿಗೆ ಒಂದು ಲೋಟ ಕಾಫಿ ತಂದುಕೊಟ್ಟರು.

ಅಧ್ಯಕ್ಷರಿಗೂ ಹೇಳಿದೆ. ಇನ್ನಾದರೂ ಹಾಲ್‌ನ ಯೋಚನೆ ಬಿಡುತ್ತಾರೆ ಎಂಬ ದುರಾಸೆ ನನಗೆ. ಅವರು ಗಡ್ಡ ಕೆರೆದುಕೊಂಡು ಕೇಳಿದರು. ಆಮೇಲೆ ಅವರ ಮುಖ ಎಷ್ಟು ಅರಳಿತು ಅಂದರೆ ನನಗೇ ಭಯವಾಯಿತು.

"ಮೇಡಂ, ಇಷ್ಟು ದಿನ ನಮ್ಮ ಹತ್ರ ಸ್ಥಳಪುರಾಣ ಒಂದು ಇರ್ಲಿಲ್ಲ. ಇಟ್ ವಾಸ್ ದಿ ಓನ್ಲಿ ಗ್ಯಾಪ್."

"ಅದು ಆ ಅಜ್ಜಿಯ ಅಪ್ಪನ ಸಾಮಾನು, ಸಾರ್."

"ಭೂಮಿ ಒಳಗೆ ಸಿಕ್ಕಿದ್ದು ಮನೆ ಓನರ್‌ಗೆ ಸೇರತ್ತೆ, ನಾನು ಚೆಕ್ ಮಾಡಿದೀನಿ. ಆಮೇಲೆ, ಫೇಯ್ತ್‌ಗೆ ಪ್ರೂಫ್ ಕೇಳ್ತಾರಾ ಯಾರಾದ್ರೂ?"

ಮುಂದಿನ ಸೋಮವಾರ ಸ್ಥಳಪುರಾಣ ಸಿದ್ಧವಾಗಿತ್ತು. ಬರೆದದ್ದು ಅವರೋ, ಅವರು ಆಫೀಸಿನಲ್ಲಿ ಸಾಕಿರುವ ಕೃತಕ ಬುದ್ಧಿಯೋ, ದೇವರಿಗೇ ಗೊತ್ತು. ಭಕ್ತರ ಮುಂದೆ ರಾಗವಾಗಿ ಓದಿದರು. ಪೂರ್ವದಲ್ಲಿ ಕೈಲಾಸದೊಳ್ ಒಬ್ಬ ಗಣನು ಪೂಜೆಯ ಹೊತ್ತಿನಲ್ಲಿ ಲಿಂಗವನ್ನು ಎಡವಿದನಂತೆ. ಶಾಪಗ್ರಸ್ತನಾಗಿ ಪಶ್ಚಿಮ ಸಾಗರದ ತೀರದಲ್ಲಿ ಏಪ್ರಿಕಾಟ್ ವನದ ಕೂಲಿಯಾಗಿ ಜನಿಸಿದನಂತೆ. ಪೂರ್ವಜನ್ಮದ ಮರೆವಿನಿಂದ ಅವನು ಸ್ವಾಮಿಯನ್ನು ಬರೀ ಗುಂಡೆಂದು ಬಗೆದು ದೇಶದೇಶಗಳ ಮಲ್ಲರ ಸಭೆಯಲ್ಲಿ ಮೂರು ಬಾರಿ ಎಸೆದನಂತೆ. ಮೂರು ಬಾರಿಯೂ ಸ್ವಾಮಿಯು ಭಕ್ತನನ್ನು ಅಗಲಿ ಇರಲಾರದೆ ಅವನನ್ನು ತನ್ನ ಹಿಂದೆಯೇ ಗೆರೆಯಾಚೆಗೆ ಎಳೆದುಕೊಂಡನಂತೆ. ಅಲ್ಲಿಗೆ ಶಾಪವಿಮೋಚನೆ. ಎಲೆಕೋಸಿನ ಪ್ರಸಂಗವನ್ನು ಬಿಟ್ಟಿದ್ದರು. ದೇವರನ್ನು ಉಪ್ಪಿನಲ್ಲಿ ಇಟ್ಟದ್ದಕ್ಕೆ ಯಾವ ಶಾಪ ಕೊಡುವುದೆಂದು ತೋಚಿರಲಿಕ್ಕಿಲ್ಲ.

ನಾನು ಸೆರಗು ಬಾಯಿಗೆ ಹಿಡಿದು ನಗು ತಡೆದುಕೊಳ್ಳುತ್ತಿದ್ದೆ. ಅಜ್ಜಿ ನನ್ನ ಮೊಣಕೈ ಮುಟ್ಟಿ, ಅದೇನು ಎಂದು ಕೇಳಿದರು. ಹೇಳಿದೆ. ಅವರೂ ನಕ್ಕರು.

"ನಮ್ಮಪ್ಪ ಗೆರೆ ದಾಟಿದ್ದಕ್ಕೆ," ಅಂದರು, "ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆ ಕಾರಣ ಯಾರೂ ಕೊಟ್ಟಿರಲಿಲ್ಲ."

ಹಾಲ್‌ನ ಸಂಗತಿಯನ್ನೂ ಆಗಲೇ ಹೇಳಬೇಕಾಯಿತು, ಏಕೆಂದರೆ ಶಿವರಾತ್ರಿಗೆ ಎಂಟು ದಿನವೂ ಇರಲಿಲ್ಲ. ಅಜ್ಜಿ, ಸಾಂಟಾ ಕ್ಲಾರಾ ಎಷ್ಟು ದೂರ ಎಂದು ಕೇಳಿದರು. ಈ ಊರಲ್ಲೇ ಹುಟ್ಟಿದವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಕಾರು ಓಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು ಅವರಿಗೆ. "ಒಳ್ಳೇದು, ಜನಕ್ಕೆ ಅನುಕೂಲ," ಅಂದು ವಾಕರು ಹಿಡಿದುಕೊಂಡು ಎದ್ದರು. ಅವರನ್ನು ಕರೆದುಕೊಂಡು ಹೋಗಿ ಬರುವ ವ್ಯವಸ್ಥೆ ಮಾಡೋಣ ಎಂದು ನನ್ನ ಗಂಡ ಅಂದ. ವ್ಯವಸ್ಥೆ ಮಾಡೋಣ ಎಂದು ಅವನು ಅಂದದ್ದು ಇವತ್ತಿನವರೆಗೆ ಯಾವುದೂ ಆಗಿಲ್ಲ. ಅತ್ತೆ ಗೇಟಿನವರೆಗೆ ಹೋಗಿ ಅಜ್ಜಿಯನ್ನು ಕಳಿಸಿ, ಅಲ್ಲೇ ತುಂಬ ಹೊತ್ತು ನಿಂತಿದ್ದರು.

ಶಿವರಾತ್ರಿಯ ಬೆಳಿಗ್ಗೆ ಕಮಿಟಿಯವರು ಬಂದರು. ನಾಗಸ್ವರ ಸ್ಪೀಕರಿನಲ್ಲಿ, ಡೋಲು ಮಾತ್ರ ನಿಜವಾದದ್ದು. ಪಲ್ಲಕ್ಕಿಗೆ ಬದಲು ಅಧ್ಯಕ್ಷರ ಕಾರು, ಮಾವಿನೆಲೆ ಸಿಗಲಿಲ್ಲವೆಂದು ಅದಕ್ಕೆ ಯಾವುದೋ ಮರದ ಎಲೆಯ ತೋರಣ. ಅತ್ತೆ ನಾವು ಏಳುವ ಮೊದಲೇ ಸ್ನಾನ, ಪೂಜೆ ಎಲ್ಲ ಮುಗಿಸಿ ಅಲಂಕಾರ ಮಾಡಿ ಇಟ್ಟಿದ್ದರು. ಬೆಳ್ಳಿ ಮುಖವಾಡ, ಅದರ ಮೇಲೆ ರೇಷ್ಮೆ ವಸ್ತ್ರ, ಅದರ ಮೇಲೆ ಕಾಣದಷ್ಟು ಹೂವು.

"ಅಮ್ಮಾ, ವಂಡರ್‌ಫುಲ್!" ಎಂದು ಅಧ್ಯಕ್ಷರು ಕೊಂಡಾಡಿದರು.

"ಅಲ್ಲಿಗೋದ್ಮೇಲೆ ಬಿಚ್ಚಿ. ದಾರೀಲಿ ಬಿಚ್ಚಬಾರ್ದು, ದೃಷ್ಟಿಯಾಯ್ತದೆ," ಅಂದರು ಅತ್ತೆ.

ಎಲ್ಲರೂ ಭಕ್ತಿಯಿಂದ ಒಪ್ಪಿದರು. ಬೆಳಿಗ್ಗೆಯೇ ಬಂದಿದ್ದ ದೊರೆಸಾನಿಯೂ ಅದೇ ಹೊತ್ತಿಗೆ ಮನೆಗೆ ಹೊರಟರು. ವಾಕರಿನ ಬುಟ್ಟಿಯ ಮೇಲೆ ಸ್ವೆಟರು ಮುಚ್ಚಿಕೊಂಡು, ಎಂದಿಗಿಂತ ನಿಧಾನವಾಗಿ, ಡೋಲಿನವರ ನಡುವೆಯೇ ನಡೆದರು. ಪಾಪ, ಮುದುಕಿ ಎಂದು ಅಧ್ಯಕ್ಷರೇ ಜನರನ್ನು ಸರಿಸಿ ದಾರಿ ಬಿಡಿಸಿದರು. ಹರಹರ ಮಹಾದೇವ ಎಂದು ಕೂಗಿ ಕಾರುಗಳೆಲ್ಲ ಹೊರಟವು. ಹಾಲ್‌ಗೆ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ಅತ್ತೆ ಮಂಡಿ ನೋವು ಅಂದರು. ಅಮ್ಮನ ಸಂಕಟ ನೋಡಲಾರದೆ ನನ್ನ ಗಂಡ ಕಣ್ಣೊರೆಸಿಕೊಂಡು ಒಬ್ಬನೇ ಹೋದ.

ಮಾರನೆಯ ದಿನ ಬೆಳಿಗ್ಗೆ ಅಧ್ಯಕ್ಷರ ಫೋನು. ಏದುಸಿರು ಬಿಡುತ್ತಿದ್ದರು.

"ಮೇಡಂ, ಸ್ವಾಮಿ ಬೆಳೆದಿದಾನೆ!"

"ಏನು?"

"ಬೆಳೆದಿದಾನೆ ಮೇಡಂ! ಅಭಿಷೇಕಕ್ಕೆ ಮುಖವಾಡ ತೆಗೆದ್ರೆ, ಉದ್ದ ಆಗಿದಾನೆ. ಮೊದ್ಲು ರೌಂಡ್ ಇದ್ನಲ್ಲ, ಈಗ ಪ್ರಾಪರ್ ಲಿಂಗದ ಶೇಪು. ಕಬ್ಬಿಣ ಹೋಗಿ ಕಲ್ಲಾಗಿದೆ. ತೀರ್ಥ ಕೆಂಪಿಲ್ಲ, ಹಾಲಿನ ಥರ ಬೆಳ್ಳಗೆ! ನೆತ್ತಿ ಮೇಲೆ ಒಂದು ಚಿಕ್ಕ ತೂತು, ಗಂಗೆ ಇರೋ ಜಾಗ ಅಂತ ನಾನಾಗ್ಲೇ ಎಲ್ರಿಗೂ ಹೇಳ್ಬಿಟ್ಟಿದೀನಿ. ಸ್ಥಳಪುರಾಣದಲ್ಲಿ ಒಂದು ಅಧ್ಯಾಯ ಸೇರಿಸ್ಬೇಕು."

ನೆತ್ತಿಯ ಮೇಲೆ ತೂತಿರುವ ಕಲ್ಲೊಂದು ನಮ್ಮ ಮನೆಯಲ್ಲೂ ಇತ್ತು. ಫೋನು ಇಟ್ಟು ಅಡುಗೆಮನೆಗೆ ಓಡಿದೆ. ಮೂಲೆಯಲ್ಲಿ ನಮ್ಮ ಗ್ರೈಂಡರು, ಊರಿನಿಂದ ಹಡಗಿನಲ್ಲಿ ತರಿಸಿದ ಹಳೆಯ ಕಾಲದ್ದು. ಮುಚ್ಚಳ ತೆಗೆದೆ. ಪಾತ್ರೆ ಇತ್ತು. ರುಬ್ಬುವ ಗುಂಡುಕಲ್ಲು ಇರಲಿಲ್ಲ. ಅದರ ನೆತ್ತಿಯಿಂದ ಬಿಚ್ಚಿದ ಹಿಡಿಕೆ ಪಕ್ಕದಲ್ಲಿ, ಒರೆಸಿ, ನೀಟಾಗಿ ಇಟ್ಟಿತ್ತು.

ಅತ್ತೆ ಊಟದ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು ನೆನೆದ ಅವರೆಕಾಳಿನ ಸಿಪ್ಪೆ ಇದುಕುತ್ತಿದ್ದರು.

"ಅತ್ತೆ, ಗ್ರೈಂಡರಿನ ಗುಂಡೆಲ್ಲಿ?"

"ಅದ್ಯಕ್ಸರ ತಾವ ಅದೆ."

"ಮತ್ತೆ ಹಿತ್ತಲಿಂದು?"

"ಆಯಮ್ಮನ ತಳ್ಳೋ ಗಾಡೀಲಿ ಮಡಗಿ ಕಳುಸ್ದೆ. ಸ್ವೆಟ್ರು ಮುಚ್ಚಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಾಂಟಾ ಕ್ಲಾರಾದಲ್ಲಿ ಆ ಕ್ಷಣ ಅಷ್ಟು ಮಂದಿ ಎಂಜಿನಿಯರುಗಳು ನಮ್ಮ ಇಡ್ಲಿ ಹಿಟ್ಟಿನ ಕಲ್ಲಿಗೆ ಬಿಲ್ವಪತ್ರೆ ಏರಿಸುತ್ತಿರುವುದನ್ನು ನೆನೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅತ್ತೆ ನಗಲಿಲ್ಲ. ಕಾಳು ಇದುಕುವುದನ್ನೂ ನಿಲ್ಲಿಸಲಿಲ್ಲ.

"ಹಾಗಾದ್ರೆ ಅದು ಈಶ್ವರ ಅಂತ ಅಷ್ಟು ದಿನ ಅಂದಿದ್ದು?" ಎಂದು ಕೆಣಕಿದೆ.

"ಈಗ್ಲೂ ಅಂತೀನಿ. ಈಸ್ವರಂಗೇನವ್ವ, ಯಾವ ಕಲ್ಲು ಮಡಗಿ ಕೈಮುಗುದ್ರೂ ಬತ್ತಾನೆ. ಸತ್ತೋದ ಅಪ್ಪ ಬತ್ತಾನಾ?"

ನನ್ನ ನಗು ಅಲ್ಲೇ ನಿಂತಿತು.

"ನಮ್ಮಪ್ಪನ್ನ ಮಣ್ಣು ಮಾಡ್ದಾಗ ನಾನು ಬಾಣಂತಿ," ಅಂದರು. "ನಿನ್ ಗಂಡ ಎದೆ ಮೇಲಿದ್ದ. ಯಾರೂ ಕರ್ಕಂಡೋಗ್ಲಿಲ್ಲ. ಅವನು ಹೆಗಲ ಮೇಲೆ ಹಾಕ್ಕತಿದ್ದ ಟವಲ್ಲಾದ್ರೂ ಕೊಡಿ ಅಂದೆ. ಅದ್ನೂ ಸುಟ್ಟಾಕಿದ್ರು."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತು ನಾನು ಕೇಳಿರಲಿಲ್ಲ. ಅವರ ಮಗನೂ ಕೇಳಿರಲಿಲ್ಲ. ಅವರಿಗೆ ಅಪ್ಪ ಒಬ್ಬನಿದ್ದ ಎಂಬುದೇ ನನ್ನ ತಲೆಗೆ ಬಂದಿರಲಿಲ್ಲ. ನನಗೆ ನನ್ನ ಮೇಲೆ ಸಿಟ್ಟು ಬಂತು, ಅಧ್ಯಕ್ಷರ ಮೇಲೂ ಬಂತು, ಆ ಟವಲ್ ಸುಟ್ಟವರ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು.

"ಇನ್ನು ಸೋಮವಾರ ಏನು ಮಾಡ್ತೀರಿ ಅತ್ತೆ?" ಎಂದು ಕೇಳಿದೆ.

ಅವರು ಕಿಟಕಿಯಾಚೆ ಖಾಲಿ ಇಟ್ಟಿಗೆಗಳ ಕಡೆ ಒಂದು ಸಲ ನೋಡಿ, ಸೆರಗಿನಿಂದ ಕಣ್ಣೊತ್ತಿಕೊಂಡು, ಅವರೆಕಾಳಿನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

"ಬಾ, ನೀನೂ ಒಂದೀಟು ಇದುಕು," ಅಂದರು.

ಒಳಕೋಣೆಯಲ್ಲಿ ಮೀಟಿಂಗು ಶುರುವಾದ ಸದ್ದಾಯಿತು. ನಾನು ಕುರ್ಚಿ ಎಳೆದುಕೊಂಡು ಅವರ ಎದುರು ಕೂತೆ.